ಎಸ್. ಪಂಚರತ್ನಂ

ಶಿವರಾಮಕೃಷ್ಣನ್ ಪಂಚರತ್ನಂ (ಫೆಬ್ರವರಿ ೯, ೧೯೩೪ – ಮೇ ೨೮, ೧೯೬೯) ಬೆಂಗಳೂರು ಮತ್ತು ಮೈಸೂರುಗಳಲ್ಲಿ ಕೆಲಸ ಮಾಡಿದ ಭಾರತೀಯ ಭೌತವಿಜ್ಞಾನಿ. ಧ್ರುವೀಕೃತ ಬೆಳಕಿನ ವ್ಯತಿಕರಣವನ್ನು ಕುರಿತ ಅವರ ಸಂಶೋಧನೆ ಇಂದು ಪಂಚರತ್ನಂ ಪ್ರಾವಸ್ಥೆ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ಬೇರೆ ಬೇರೆ ಬಣ್ಣದ ಬೆಳಕಿಗೂ ಒಂದೇ ರೀತಿ ವರ್ತಿಸುವ ಕಾಲುತರಂಗ ಫಲಕವನ್ನು ಅವರು ೧೯೫೫ರಲ್ಲಿ ರೂಪಿಸಿದರು. ಸಿ.ಡಿ., ಡಿ.ವಿ.ಡಿ. ಹಾಗೂ ಸ್ಪಷ್ಟತರ ಚಿತ್ರಗಳನ್ನು ಕೊಡುವ ಬ್ಲೂ-ರೇ ಡಿಸ್ಕ್‌ಗಳನ್ನು ಓದುವ ಯಂತ್ರಗಳಲ್ಲಿ ಬೆಳಕನ್ನು ಹೋಗುವ ದಾರಿಯಿಂದ ಮರಳುವ ದಾರಿಗೆ ತಿರುಗಿಸಲು ಬಳಸುವುದು ಕಾಲುತರಂಗ ಫಲಕವನ್ನೇ. ಪಂಚರತ್ನಂ ತೀರಿಕೊಂಡಾಗ ಅವರಿಗೆ ೩೫ ವರ್ಷ. ಆಗ ಇಂಥ ಡಿಸ್ಕ್‌ಗಳಲ್ಲಿ ಯಾವುದೂ ಮಾರುಕಟ್ಟೆಗೆ ಬಂದಿರಲಿಲ್ಲ.

ಮನೆತನ ಮತ್ತು ಬೆಂಗಳೂರಿನ ವರ್ಷಗಳು

ಪಂಚರತ್ನಂ ಕಲ್ಕತ್ತೆಯಲ್ಲಿ ಜನಿಸಿದರು. ನೊಬೆಲ್ ಪುರಸ್ಕೃತ ವಿಜ್ಞಾನಿ ಸಿ. ವಿ. ರಾಮನ್ ಅವರ ಸೋದರಮಾವ. ದ್ರವ ಸ್ಫಟಿಕಗಳ ಅಧ್ಯಯನಕ್ಕೆ ಹೆಸರಾದ ಎಸ್. ಚಂದ್ರಶೇಖರ್ ಅವರ ಅಣ್ಣ. ನಕ್ಷತ್ರಗಳ ವಿಕಾಸವನ್ನು ಅಭ್ಯಸಿಸಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಇದೇ ಬಳಗದವರಾದರೂ ಬೇರೆಯವರು. ಹೆಸರಿನ ಸಾಮ್ಯದಿಂದ ವಿದ್ಯಾರ್ಥಿಗಳು ಗೊಂದಲಕ್ಕೆ ಒಳಗಾಗುವುದುಂಟು. ಹೆಸರಾಂತ ಮನೆತನದಲ್ಲಿ ಹುಟ್ಟಿದವರ ಸಾಧನೆಯನ್ನು ಮನೆತನದ ಲೆಕ್ಕಕ್ಕೆ ಸೇರಿಸುವುದು ಸುಲಭ. ಪಂಚರತ್ನಂ ಅವರ ಲೇಖನಗಳನ್ನು ಓದಿದವರು ಹಾಗೆ ಮಾಡಲಾರರು. ಅವುಗಳಲ್ಲಿ ಕಾಣುವ ಜ್ಯಾಮಿತೀಯ ದೃಷ್ಟಿ ರಾಮನ್ ಅವರದ್ದಕ್ಕಿಂತ ಬೇರೆಯೇ ಬಗೆಯದು.

ರಾಮನ್ ಅವರು ೧೯೩೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಅಲ್ಲಿಯೇ ನೆಲೆಸಿದರು. ಮೈಸೂರು ಮಹಾರಾಜರು ಕೊಟ್ಟಿದ್ದ ಭೂಮಿಯಲ್ಲಿ ನಿವೃತ್ತಿಯ ವೇಳೆಗೆ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿಕೊಂಡರು. ಸಂಸ್ಥೆ ಚಿಕ್ಕದು, ಉಪಕರಣಗಳು ಸರಳ. ಆದರೆ ಹರಳುಗಳ ಸಂಗ್ರಹ ಮಾತ್ರ ಬಹು ದೊಡ್ಡದಾಗಿತ್ತು. ಬಣ್ಣದ ಕಲ್ಲುಗಳಲ್ಲಿ, ಖನಿಜಗಳಲ್ಲಿ, ಮುತ್ತು ಚಿಪ್ಪುಗಳಲ್ಲಿ ಬೆಳಕು ಹೇಗೆ ವರ್ತಿಸುತ್ತದೆಂಬುದೇ ಆ ವರ್ಷಗಳಲ್ಲಿ ರಾಮನ್ ಅವರ ಮುಖ್ಯ ಆಸಕ್ತಿ. ಇಪ್ಪತ್ತರ ಹರೆಯದ ಪಂಚರತ್ನಂ ಸಂಶೋಧನೆ ಆರಂಭಿಸಿದ್ದು ಈ ವಾತಾವರಣದಲ್ಲಿ. ಲೇಸರ್ ಇನ್ನೂ ಹುಟ್ಟಿರಲಿಲ್ಲ. ಮೊದಲ ಲೇಸರ್ ಬೆಳಗಿದ್ದು ೧೯೬೦ರಲ್ಲಿ.

ಅವರಿಗೆ ಎದುರಾದ ಸಮಸ್ಯೆ ಹೊರನೋಟಕ್ಕೆ ಕಿರಿದು. ಐಯೋಲೈಟ್, ನೇರಳೆ ಬಣ್ಣದ ಅಮೆಥಿಸ್ಟ್ ಮೊದಲಾದ ಹರಳುಗಳು ತಮ್ಮ ಮೂಲಕ ಹಾಯುವ ಬೆಳಕಿನ ಒಂದಂಶವನ್ನು ಹೀರಿಕೊಳ್ಳುತ್ತವೆ. ಪಾರದರ್ಶಕ ಹರಳೊಳಗೆ ಬೆಳಕು ಪರಸ್ಪರ ಲಂಬವಾದ ಎರಡು ಕಂಪನಗಳಾಗಿ ಒಡೆಯುತ್ತದೆ. ಹೀರುವ ಹರಳಿನಲ್ಲಾದರೋ ಆ ಎರಡು ಕಂಪನಗಳು ಲಂಬವಾಗಿರಬೇಕೆಂಬ ನಿಯಮವಿಲ್ಲ. ಲಂಬವಲ್ಲದ ಎರಡು ಬೆಳಕಿನ ಕಿರಣಗಳು ಕೂಡಿದಾಗ ಫಲವೇನು? ಅವು ಒಂದೇ ಹೆಜ್ಜೆಯಲ್ಲಿ ಸಾಗುತ್ತಿವೆ ಎಂದು ಹೇಳಲು ಅಳತೆಗೋಲು ಯಾವುದು? ಪಠ್ಯಪುಸ್ತಕಗಳಲ್ಲಿ ಇದಕ್ಕೆ ಅಚ್ಚುಕಟ್ಟಾದ ಉತ್ತರ ಇರಲಿಲ್ಲ.

ಗೋಳದ ಮೇಲಿನ ಬೆಳಕು

ಬೆಳಕು ಒಂದು ಅಲೆ. ಅದರ ಕಂಪನ ಒಂದೇ ಗೆರೆಯಲ್ಲಿ ನಡೆದರೆ ಅದು ರೇಖೀಯ ಧ್ರುವೀಕರಣ. ಕಂಪನದ ದಿಕ್ಕು ಎಡಕ್ಕೋ ಬಲಕ್ಕೋ ಸುತ್ತುತ್ತಾ ಹೋದರೆ ವೃತ್ತೀಯ ಧ್ರುವೀಕರಣ. ಇವೆರಡರ ನಡುವಿನವೆಲ್ಲ ದೀರ್ಘವೃತ್ತೀಯ. ಫ್ರೆಂಚ್ ಗಣಿತಜ್ಞ ಪ್ವಾಂಕಾರೆ ೧೮೯೨ರಲ್ಲಿ ಈ ಎಲ್ಲ ಸ್ಥಿತಿಗಳನ್ನೂ ಒಂದು ಗೋಳದ ಮೇಲೆ ಬಿಂದುಗಳಾಗಿ ಗುರುತಿಸಬಹುದೆಂದು ತೋರಿಸಿದ್ದರು. ಗೋಳದ ಸಮಭಾಜಕದ ಮೇಲೆ ರೇಖೀಯ ಸ್ಥಿತಿಗಳು, ಎರಡು ಧ್ರುವಗಳಲ್ಲಿ ಎಡ ಮತ್ತು ಬಲ ವೃತ್ತೀಯ ಸ್ಥಿತಿಗಳು, ಉಳಿದೆಡೆ ದೀರ್ಘವೃತ್ತೀಯ ಸ್ಥಿತಿಗಳು. ಪರಸ್ಪರ ಲಂಬವಾದ ಎರಡು ಕಂಪನಗಳು ಗೋಳದ ಮೇಲೆ ಒಂದಕ್ಕೊಂದು ನೇರ ಎದುರಿನ ಬಿಂದುಗಳಾಗುತ್ತವೆ. ಬೆಳಕು ಒಂದು ಹರಳಿನ ಫಲಕದ ಮೂಲಕ ಹಾದರೆ ಅದನ್ನು ಸೂಚಿಸುವ ಬಿಂದು ಒಂದು ಅಕ್ಷದ ಸುತ್ತ ಇಂತಿಷ್ಟು ಕೋನ ತಿರುಗುತ್ತದೆ. ಪುಟಗಟ್ಟಲೆ ಬೀಜಗಣಿತ ಬೇಡುವ ಲೆಕ್ಕವನ್ನು ಹೀಗೆ ಗೋಳದ ಮೇಲೆ ಕಂಪಾಸು ಹಿಡಿದು ಬಿಡಿಸಿದಂತೆ ಬಿಡಿಸಬಹುದು.

ಈ ಗೋಳವನ್ನು ಪಂಚರತ್ನಂ ಅವರಷ್ಟು ಸರಾಗವಾಗಿ ಬಳಸಿದವರು ವಿರಳ. ವ್ಯತಿಕರಣದ ಸಾಮಾನ್ಯೀಕೃತ ಸಿದ್ಧಾಂತವೆಂಬ ಅವರ ಲೇಖನಮಾಲೆ ೧೯೫೬ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟವಾಯಿತು. ಆಗ ಅವರಿಗೆ ೨೨ ವರ್ಷ. ಅಲ್ಲಿ ಅವರು ಮೊದಲು ಮಾಡಿದ್ದು ಒಂದು ವ್ಯಾಖ್ಯೆ. ಬೇರೆ ಬೇರೆ ಧ್ರುವೀಕರಣವುಳ್ಳ ಎರಡು ಕಿರಣಗಳನ್ನು ಕೂಡಿಸಿದಾಗ ದೊರೆಯುವ ಪ್ರಕಾಶ ಯಾವಾಗ ಗರಿಷ್ಠವಾಗುವುದೋ ಆಗ ಅವು ಸಮಪ್ರಾವಸ್ಥೆಯಲ್ಲಿವೆ ಎಂದು ತಿಳಿಯಬೇಕು.

ಈ ಸರಳ ವ್ಯಾಖ್ಯೆಯಿಂದ ಒಂದು ವಿಚಿತ್ರ ಫಲ ಹೊರಟಿತು. ಒಂದನೆಯ ಕಿರಣ ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ ಸಮಪ್ರಾವಸ್ಥೆಯಲ್ಲಿದ್ದರೂ ಮೂರನೆಯದು ಒಂದನೆಯದರೊಡನೆ ಹಾಗಿರಬೇಕಾಗಿಲ್ಲ. ಅವುಗಳ ನಡುವೆ ಉಳಿಯುವ ವ್ಯತ್ಯಾಸವು ಮೂರು ಬಿಂದುಗಳನ್ನು ಸೇರಿಸಿ ಗೋಳದ ಮೇಲೆ ಎಳೆದ ತ್ರಿಕೋನದ ಘನಕೋನದ ಸರಿಯಾಗಿ ಅರ್ಧದಷ್ಟು. ಶಾಲೆಯ ಭೂಗೋಳದ ಮಾದರಿಯನ್ನು ಎದುರಿಗಿಟ್ಟುಕೊಂಡರೆ ಇದರ ಹತ್ತಿರದ ಬಂಧುವೊಂದನ್ನು ಕಾಣಬಹುದು. ಸಮಭಾಜಕದಿಂದ ಉತ್ತರಧ್ರುವಕ್ಕೆ, ಅಲ್ಲಿಂದ ಬೇರೊಂದು ರೇಖಾಂಶದ ಗುಂಟ ಕೆಳಕ್ಕೆ, ಮತ್ತೆ ಸಮಭಾಜಕದ ಮೇಲೆ ಹೊರಟಲ್ಲಿಗೆ ಒಂದು ಕಡ್ಡಿಯನ್ನು ಎಲ್ಲಿಯೂ ತಿರುಚದೆ ಸಾಗಿಸಿದರೂ ಕೊನೆಯಲ್ಲಿ ಅದು ಬೇರೆ ದಿಕ್ಕಿಗೆ ಮುಖ ಮಾಡಿರುತ್ತದೆ. ಯಾರೂ ತಿರುಗಿಸಲಿಲ್ಲ, ತಿರುಗಿಸಿದ್ದು ನೆಲದ ಬಾಗು.

ಬಣ್ಣಕ್ಕೆ ಅಂಜದ ಫಲಕ

ಪ್ರಾವಸ್ಥೆಯ ಲೇಖನದ ಖ್ಯಾತಿಯ ಮುಂದೆ ೧೯೫೫ರ ಎರಡು ಚಿಕ್ಕ ಲೇಖನಗಳು ಮರೆಯಾಗಿವೆ. ನಿತ್ಯಜೀವನಕ್ಕೆ ಹತ್ತಿರವಾದವು ಅವೇ.

ಕಾಲುತರಂಗ ಫಲಕವೆಂದರೆ ಹರಳಿನ ಒಂದು ತೆಳು ಹಾಳೆ. ಎರಡು ಲಂಬ ಕಂಪನಗಳಲ್ಲಿ ಒಂದನ್ನು ಇನ್ನೊಂದಕ್ಕಿಂತ ಅಲೆಯ ಕಾಲುಭಾಗದಷ್ಟು ಹಿಂದಿಡುವುದು ಅದರ ಕೆಲಸ. ರೇಖೀಯ ಬೆಳಕು ಸರಿಯಾದ ಓರೆಯಲ್ಲಿ ಒಳಹೊಕ್ಕರೆ ವೃತ್ತೀಯವಾಗಿ ಹೊರಬರುತ್ತದೆ. ಆದರೆ ಪ್ರತಿಯೊಂದು ಬಣ್ಣಕ್ಕೂ ಅಲೆಯ ಉದ್ದ ಬೇರೆಯಾದ್ದರಿಂದ ಕೆಂಪಿಗೆ ಕಾಲುತರಂಗವಾದ ಹಾಳೆ ನೀಲಿಗೆ ಹಾಗಿರುವುದಿಲ್ಲ. ಬೇರೆ ಬೇರೆ ಪದಾರ್ಥಗಳ ಹಾಳೆಗಳನ್ನು ಜೋಡಿಸಿ ಈ ದೋಷವನ್ನು ತಗ್ಗಿಸುವ ಮಾರ್ಗ ತಿಳಿದಿತ್ತು. ಪಂಚರತ್ನಂ ಒಂದೇ ಪದಾರ್ಥದ ಮೂರು ಹಾಳೆಗಳನ್ನು ತೆಗೆದುಕೊಂಡರು. ಹೊರಗಿನ ಎರಡರ ಅಕ್ಷಗಳು ಸಮಾನಾಂತರ; ನಡುವಿನದು ಅರ್ಧತರಂಗ ಫಲಕ, ಅದರ ಅಕ್ಷ ಮಾತ್ರ ಓರೆ. ಆ ಓರೆಯನ್ನೂ ಹೊರಗಿನವುಗಳ ದಪ್ಪವನ್ನೂ ಗೋಳದ ಮೇಲೆ ಲೆಕ್ಕ ಹಾಕಿ ಆರಿಸಿದರೆ ಬಣ್ಣ ಬದಲಾದಾಗ ಒಂದು ಹಾಳೆ ಮಾಡುವ ತಪ್ಪನ್ನು ಉಳಿದವು ತಿದ್ದುತ್ತವೆ. ದುಬಾರಿ ಸಾಮಗ್ರಿ ಬೇಡ, ಜೋಡಣೆಯ ಜಾಣ್ಮೆ ಸಾಕು. ನಕ್ಷತ್ರಗಳಿಂದ ಬರುವ ಬೆಳಕಿನ ಧ್ರುವೀಕರಣವನ್ನು ಅಳೆಯುವ ಖಗೋಳವಿಜ್ಞಾನಿಗಳು ಈ ಜೋಡಣೆಯನ್ನು ಮೆಚ್ಚಿಕೊಂಡರು. ದೂರದರ್ಶಕಗಳ ಜೊತೆ ಬಳಸುವ ಇಂಥ ಫಲಕಗಳನ್ನು ಅವರ ಹೆಸರಿನಿಂದಲೇ ಕರೆಯುವ ರೂಢಿ ಇದೆ.

ರಾಮನ್ ಮತ್ತು ಪಂಚರತ್ನಂ ೧೯೫೯ರಲ್ಲಿ ಜೊತೆಯಾಗಿ ಮರೀಚಿಕೆಯ ದ್ಯುತಿವಿಜ್ಞಾನವನ್ನು ಕುರಿತು ಒಂದು ಲೇಖನ ಬರೆದರು. ಚೈತ್ರ ವೈಶಾಖಗಳಲ್ಲಿ ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ದೂರದಲ್ಲಿ ನೀರು ನಿಂತಂತೆ ಹೊಳೆಯುವ ಬಿಸಿಲ್ಗುದುರೆಯನ್ನು ಕಂಡವರಿಗೆ ವಿಷಯದ ಪರಿಚಯ ಬೇಕಿಲ್ಲ. ಆ ಹೊಳಪನ್ನು ಕಿರಣಗಳ ಬಾಗುವಿಕೆಯಿಂದ ವಿವರಿಸಿ ಸುಮ್ಮನಾಗುವುದು ವಾಡಿಕೆ. ಈ ಇಬ್ಬರು ಅದನ್ನು ಅಲೆಗಳ ದೃಷ್ಟಿಯಿಂದ ಪರಿಶೀಲಿಸಿದರು.

ಮೈಸೂರು ಮತ್ತು ಆಕ್ಸ್‌ಫರ್ಡ್

ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವನ್ನು ಕಟ್ಟುವ ಹೊಣೆ ೧೯೬೧ರಲ್ಲಿ ಅಣ್ಣ ಚಂದ್ರಶೇಖರ್ ಅವರ ಪಾಲಿಗೆ ಬಂದಿತು. ಪಂಚರತ್ನಂ ಅದೇ ವಿಭಾಗದಲ್ಲಿ ೧೯೬೪ರವರೆಗೆ ರೀಡರ್ ಆಗಿದ್ದರು. ಅನಂತರ ಇಂಗ್ಲೆಂಡಿಗೆ ತೆರಳಿ ಆಕ್ಸ್‌ಫರ್ಡಿನ ಸೇಂಟ್ ಕ್ಯಾಥರೀನ್ಸ್ ಕಾಲೇಜಿನ ಆಶ್ರಯದಲ್ಲಿ ಜಾರ್ಜ್ ಸೀರೀಸ್ ಅವರೊಡನೆ ಸಂಶೋಧನೆ ಮುಂದುವರಿಸಿದರು. ಹರಳುಗಳನ್ನು ಬಿಟ್ಟು ಅನಿಲರೂಪದ ಪರಮಾಣುಗಳ ಕಡೆಗೆ ಹೊರಳಿದ್ದು ಅಲ್ಲಿ. ಕಾಂತಕ್ಷೇತ್ರದಲ್ಲಿಟ್ಟು ಬೆಳಕಿನಿಂದಲೇ ಒಂದು ದಿಕ್ಕಿಗೆ ಸಾಲುಗೂಡಿಸಿದ ಪರಮಾಣುಗಳ ಮೂಲಕ ಇನ್ನೊಂದು ಬೆಳಕನ್ನು ಹಾಯಿಸಿದರೆ ಆ ಪರಮಾಣುಗಳ ಗುಂಪು ಹರಳಿನಂತೆಯೇ ದ್ವಿವಕ್ರೀಭವನ ತೋರಿಸುತ್ತದೆ. ಅದೂ ಸ್ಥಿರವಾಗಿ ಅಲ್ಲ, ಒಂದು ಲಯದಲ್ಲಿ ಏರಿಳಿಯುತ್ತಾ. ಬೆಂಗಳೂರಿನಲ್ಲಿ ಕಲ್ಲುಗಳಲ್ಲಿ ಕಂಡಿದ್ದನ್ನೇ ಅವರು ಅಲ್ಲಿ ಪರಮಾಣುಗಳಲ್ಲಿ ಕಂಡರು.

೧೯೬೯ರ ಮೇ ೨೮ರಂದು ಅವರು ಆಕ್ಸ್‌ಫರ್ಡಿನಲ್ಲಿ ನಿಧನರಾದರು. ಸೋದರಮಾವ ರಾಮನ್ ತೀರಿಕೊಂಡದ್ದು ಮರುವರ್ಷದ ನವೆಂಬರಿನಲ್ಲಿ. ಸೀರೀಸ್ ಅವರು ತಮ್ಮ ಕಿರಿಯ ಸಹೋದ್ಯೋಗಿಯ ಎಲ್ಲ ಲೇಖನಗಳನ್ನು ಕೂಡಿಸಿ ಸಂಪಾದಿಸಿದರು. ಆ ಸಂಪುಟವನ್ನು ೧೯೭೫ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸಿತು.

ತಡವಾಗಿ ಬಂದ ಮನ್ನಣೆ

ಬ್ರಿಟನ್ನಿನ ಭೌತವಿಜ್ಞಾನಿ ಮೈಕೆಲ್ ಬೆರ್ರಿ ೧೯೮೪ರಲ್ಲಿ ಕ್ವಾಂಟಮ್ ವ್ಯವಸ್ಥೆಗಳಲ್ಲಿ ಒಂದು ಜ್ಯಾಮಿತೀಯ ಪ್ರಾವಸ್ಥೆ ಇರುವುದನ್ನು ತೋರಿಸಿದಾಗ ಲೋಕದೆಲ್ಲೆಡೆ ಭಾರಿ ಆಸಕ್ತಿ ಮೂಡಿತು. ಇದನ್ನೇ ಹೋಲುವ ಫಲಿತಾಂಶ ೧೯೫೬ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಅಚ್ಚಾಗಿದೆಯೆಂದು ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ೧೯೮೬ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಬೆರ್ರಿ ಹಳೆಯ ಲೇಖನವನ್ನು ಓದಿ, ಮರುವರ್ಷವೇ ಆ ಸಂಬಂಧವನ್ನು ವಿಶದಪಡಿಸುವ ಲೇಖನ ಪ್ರಕಟಿಸಿ ಪಂಚರತ್ನಂ ಅವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದರು. ೧೯೯೪ರಲ್ಲಿ ಇನ್ನೊಂದು ಮೆಚ್ಚುಗೆಯ ಬರಹವನ್ನೂ ಬರೆದರು. ಪರರ ಹಿರಿಮೆಯನ್ನು ಇಷ್ಟು ತೆರೆದ ಮನಸ್ಸಿನಿಂದ ಒಪ್ಪಿಕೊಂಡ ನಿದರ್ಶನಗಳು ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ. ರಾಮನ್ ಸಂಶೋಧನಾ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ೧೯೮೮ರಲ್ಲಿ ಲೇಸರ್ ಬಳಸಿ ಈ ಪ್ರಾವಸ್ಥೆಯನ್ನು ಪ್ರಯೋಗದಿಂದ ಕಂಡು ತೋರಿಸಿದರು.

ಮೂವತ್ತು ವರ್ಷ ಈ ಲೇಖನವನ್ನು ಹೆಚ್ಚಿನವರು ಗಮನಿಸದೆ ಹೋದದ್ದೇಕೆ? ಭಾರತೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು ಒಂದು ಕಾರಣ. ರಾಮನ್ ಅವರು ತಮ್ಮವರ ಕೆಲಸ ನಮ್ಮ ದೇಶದ ಪತ್ರಿಕೆಯಲ್ಲಿಯೇ ಬರಬೇಕೆಂದು ನಡೆದುಕೊಂಡವರು. ಆ ನಿಲುವಿನ ಬೆಲೆಯನ್ನು ಒಬ್ಬ ತರುಣ ತೆರಬೇಕಾಯಿತು. ಆದರೆ ಅದೊಂದನ್ನೇ ದೂರಲಾಗದು. ಹರಳುಗಳ ದ್ಯುತಿವಿಜ್ಞಾನ ಆ ದಶಕಗಳಲ್ಲಿ ಹಳೆಯ ಕಾಲದ ಶಾಸ್ತ್ರವೆಂದು ಎಲ್ಲೆಡೆ ಬದಿಗೆ ಸರಿದಿತ್ತು. ಅದನ್ನು ಮತ್ತೆ ಮುಂದಕ್ಕೆ ತಂದದ್ದು ಲೇಸರ್ ಮತ್ತು ಅದರಿಂದ ಹುಟ್ಟಿದ ಉಪಕರಣಗಳು.

ಬ್ಲೂ-ರೇ ಡಿಸ್ಕ್ ಓದುವ ಬೆಳಕು

ಆ ಉಪಕರಣಗಳಲ್ಲಿ ಮನೆಮನೆಗೂ ಬಂದದ್ದು ದ್ಯುತಿ ಡಿಸ್ಕ್. ಡಿಸ್ಕ್‌ನ ಮೇಲೆ ಸುರುಳಿಯಾಕಾರದ ಜಾಡಿನಲ್ಲಿ ಸೂಕ್ಷ್ಮವಾದ ಕುಳಿಗಳಿರುತ್ತವೆ. ಲೇಸರ್ ಬೆಳಕನ್ನು ಮಸೂರದಿಂದ ಒಂದು ಚುಕ್ಕೆಯಾಗಿಸಿ ಜಾಡಿನ ಮೇಲೆ ಬಿಡುತ್ತಾರೆ. ಕುಳಿಯಿಂದ ಮರಳುವ ಅಲೆಯೂ ಸಮತಟ್ಟು ಭಾಗದಿಂದ ಮರಳುವ ಅಲೆಯೂ ವ್ಯತಿಕರಿಸಿ ಒಂದನ್ನೊಂದು ಕುಗ್ಗಿಸುತ್ತವೆ. ಪ್ರಕಾಶದ ಈ ಏರಿಳಿತವೇ ಯಂತ್ರ ಓದುವ ಲಿಪಿ.

ಚುಕ್ಕೆ ಚಿಕ್ಕದಾದಷ್ಟೂ ಹೆಚ್ಚು ಮಾಹಿತಿ ಹಿಡಿಯುತ್ತದೆ. ಚುಕ್ಕೆಯ ಅಗಲ ಬೆಳಕಿನ ತರಂಗದೂರಕ್ಕೆ ಅನುಲೋಮವಾಗಿಯೂ ಮಸೂರವು ಬೆಳಕನ್ನು ಎಷ್ಟು ಅಗಲದ ಶಂಕುವಾಗಿ ಕೂಡಿಸುತ್ತದೆಂಬ ಸಂಖ್ಯೆಗೆ ವಿಲೋಮವಾಗಿಯೂ ಇರುತ್ತದೆ. ಡಿ.ವಿ.ಡಿ.ಯಲ್ಲಿ ಬೆಳಕು ಕೆಂಪು, ೬೫೦ ನ್ಯಾನೋಮೀಟರ್. ಮಸೂರದ ಸಂಖ್ಯೆ ೦.೬೦. ಬ್ಲೂ-ರೇಯಲ್ಲಿ ಬೆಳಕು ನೀಲಿ-ನೇರಳೆ, ೪೦೫ ನ್ಯಾನೋಮೀಟರ್, ಸಂಖ್ಯೆ ೦.೮೫. ಭಾಗಿಸಿ ನೋಡಿದರೆ ಚುಕ್ಕೆಯ ಅಗಲ ಸುಮಾರು ೨.೨೭ ಪಟ್ಟು ಕಿರಿದಾಗುತ್ತದೆ, ವಿಸ್ತೀರ್ಣ ೫ ಪಟ್ಟಿಗಿಂತ ತುಸು ಹೆಚ್ಚು ಕುಗ್ಗುತ್ತದೆ. ಡಿ.ವಿ.ಡಿ.ಯ ಒಂದು ಪದರಿನ ೪.೭ ಗಿಗಾಬೈಟ್, ಅದೇ ೧೨ ಸೆಂಟಿಮೀಟರ್ ಅಗಲದ ಬ್ಲೂ-ರೇಯಲ್ಲಿ ೨೫ ಗಿಗಾಬೈಟ್ ಆದದ್ದರ ಗುಟ್ಟು ಬಹುಮಟ್ಟಿಗೆ ಈ ಒಂದು ಭಾಗಾಕಾರ. ಜಾಡುಗಳ ನಡುವಿನ ಅಂತರವೂ ೦.೭೪ರಿಂದ ೦.೩೨ ಮೈಕ್ರೋಮೀಟರಿಗೆ ಇಳಿಯಿತು. ೧೯೨೦ × ೧೦೮೦ ಚುಕ್ಕೆಗಳ ಚಲನಚಿತ್ರವನ್ನು ಪೂರ್ತಿಯಾಗಿ ಒಂದು ಡಿಸ್ಕ್‌ನಲ್ಲಿ ಅಡಕಗೊಳಿಸಲು ಇದು ಸಾಕಾಯಿತು. ೨೦೦೬ರಲ್ಲಿ ಇಂಥ ಚಿತ್ರಗಳು ಮಾರಾಟಕ್ಕೆ ಬಂದವು, ಪ್ರತಿಸ್ಪರ್ಧಿಯಾದ ಎಚ್.ಡಿ. ಡಿ.ವಿ.ಡಿ.ಯನ್ನು ತೋಷಿಬಾ ೨೦೦೮ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

ಇನ್ನು ಧ್ರುವೀಕರಣದ ಪಾತ್ರ. ಡಿಸ್ಕ್‌ಗೆ ಹೋಗುವ ಬೆಳಕೂ ಮರಳುವ ಬೆಳಕೂ ಒಂದೇ ಮಸೂರದ ಮೂಲಕ, ಒಂದೇ ದಾರಿಯಲ್ಲಿ ಸಾಗುತ್ತವೆ. ಮರಳುವುದನ್ನು ಬೇರ್ಪಡಿಸಿ ಶೋಧಕಕ್ಕೆ ಕಳಿಸಬೇಕು. ಅರ್ಧ ಬೆಳಕನ್ನು ಬಿಟ್ಟು ಅರ್ಧವನ್ನು ಹಿಂದಿರುಗಿಸುವ ಕನ್ನಡಿ ಇಟ್ಟರೆ ಹೋಗುವಾಗ ಅರ್ಧ, ಬರುವಾಗ ಅರ್ಧ ನಷ್ಟವಾಗಿ ಕೊನೆಗೆ ಕಾಲುಭಾಗ ಮಾತ್ರ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಉಳಿದ ಬೆಳಕಿನ ಒಂದಂಶ ಲೇಸರಿನೊಳಗೇ ಮರಳಿ ಹೊಕ್ಕು ಅದನ್ನು ಅಸ್ಥಿರಗೊಳಿಸುತ್ತದೆ. ಆದ್ದರಿಂದ ಒಂದು ಬಗೆಯ ರೇಖೀಯ ಬೆಳಕನ್ನು ನೇರ ಬಿಟ್ಟು ಅದಕ್ಕೆ ಲಂಬವಾದುದನ್ನು ಪಕ್ಕಕ್ಕೆ ತಿರುಗಿಸುವ ಪಟ್ಟಕವೊಂದನ್ನೂ ಅದರ ಮುಂದೆ ಕಾಲುತರಂಗ ಫಲಕವನ್ನೂ ಇಡುತ್ತಾರೆ. ಗೋಳದ ಭಾಷೆಯಲ್ಲಿ ಹೇಳುವುದಾದರೆ, ಲೇಸರಿನ ಬೆಳಕು ಸಮಭಾಜಕದ ಒಂದು ಬಿಂದುವಿನಿಂದ ಹೊರಟು ಫಲಕವನ್ನು ದಾಟುವಾಗ ಧ್ರುವವನ್ನು ಮುಟ್ಟುತ್ತದೆ. ಡಿಸ್ಕ್‌ನಿಂದ ಪ್ರತಿಫಲಿಸಿ ಮತ್ತೊಮ್ಮೆ ಫಲಕವನ್ನು ದಾಟಿದಾಗ ಸಮಭಾಜಕದ ನೇರ ಎದುರಿನ ಬಿಂದುವಿಗೆ ಇಳಿಯುತ್ತದೆ. ಹೊರಟಾಗಿನ ಕಂಪನಕ್ಕೆ ಅದೀಗ ಲಂಬ. ಪಟ್ಟಕ ಅದನ್ನು ಬಹುಪಾಲು ನಷ್ಟವಿಲ್ಲದೆ ಶೋಧಕದತ್ತ ತಿರುಗಿಸುತ್ತದೆ.

ಹಳೆಯ ಸಿ.ಡಿ., ಡಿ.ವಿ.ಡಿ.ಗಳನ್ನೂ ಅದೇ ಯಂತ್ರ ಓದಬೇಕೆಂದಾಗ ತೊಡಕು ಹುಟ್ಟುತ್ತದೆ. ಸಿ.ಡಿ.ಯ ಬೆಳಕು ೭೮೦ ನ್ಯಾನೋಮೀಟರ್. ಡಿ.ವಿ.ಡಿ.ಯ ಕೆಂಪು ಬೆಳಕಿಗಾಗಿ ಮಾಡಿದ ಫಲಕ, ಪದಾರ್ಥದ ಇತರ ವ್ಯತ್ಯಾಸಗಳನ್ನು ಬದಿಗಿಟ್ಟರೆ, ೪೦೫ ನ್ಯಾನೋಮೀಟರ್ ಬೆಳಕಿಗೆ ಕಾಲು ತರಂಗದ ಬದಲು ಸುಮಾರು ೦.೪೦ ತರಂಗವಾಗುತ್ತದೆ. ಆಗ ಮರಳಿದ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಶೋಧಕವನ್ನು ಸೇರುತ್ತದೆ, ಉಳಿದದ್ದು ಲೇಸರಿಗೆ ಹಿಂದಿರುಗುತ್ತದೆ. ಮೂರು ಬೆಳಕಿಗೂ ಪ್ರತ್ಯೇಕ ದಾರಿಗಳನ್ನು ಕಲ್ಪಿಸುವುದು ಒಂದು ಪರಿಹಾರ. ಒಂದೇ ಪದಾರ್ಥದ ಹಾಳೆಗಳನ್ನು ಬೇರೆ ಬೇರೆ ಓರೆಯಲ್ಲಿ ಅಂಟಿಸಿ ಮೂರಕ್ಕೂ ಒಗ್ಗುವ ಫಲಕವನ್ನು ಮಾಡುವುದು ಇನ್ನೊಂದು. ಈ ಎರಡನೆಯದರ ತತ್ತ್ವ ೧೯೫೫ರ ಬೆಂಗಳೂರಿನ ಲೇಖನಗಳಲ್ಲಿದೆ.

ಡಿಸ್ಕ್ ಕೂಡ ಒಂದು ಫಲಕವೇ ಎಂಬುದನ್ನು ಮರೆಯಬಾರದು. ಅದರ ಮೇಲಿನ ಪಾಲಿಕಾರ್ಬೊನೇಟ್ ಹೊದಿಕೆ ಅಚ್ಚಿನಿಂದ ಬರುವಾಗ ಉಳಿಯುವ ಒತ್ತಡದಿಂದ ತುಸು ದ್ವಿವಕ್ರೀಭವನ ತೋರಿಸುತ್ತದೆ. ಬೆಳಕಿನ ಬಿಂದು ಗೋಳದ ಮೇಲೆ ತಲುಪಬೇಕಾದ ಜಾಗದಿಂದ ಆಚೀಚೆ ಸರಿಯುತ್ತದೆ. ಡಿ.ವಿ.ಡಿ.ಯಲ್ಲಿ ಬೆಳಕು ೦.೬ ಮಿಲಿಮೀಟರ್ ದಪ್ಪವನ್ನು ಹಾಯಬೇಕು, ಬ್ಲೂ-ರೇಯಲ್ಲಿ ಕೇವಲ ೦.೧ ಮಿಲಿಮೀಟರ್. ಇಷ್ಟು ತೆಳುವಾಗಿಸಿದ್ದರ ಮುಖ್ಯ ಉದ್ದೇಶ ಡಿಸ್ಕ್ ತುಸು ಓರೆಯಾದರೂ ಚುಕ್ಕೆ ಕೆಡದಿರಲೆಂಬುದು. ಗೀರುಗಳ ಭಯ ಹೆಚ್ಚಿದ್ದರಿಂದ ಅದರ ಮೇಲೆ ಗಡಸು ಲೇಪವನ್ನು ಕೊಡಬೇಕಾಯಿತು.

ಬ್ಲೂ-ರೇ ತಂತ್ರಜ್ಞಾನವೇ ಪಂಚರತ್ನಂ ಅವರ ಕೊಡುಗೆಯೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಕಾಲುತರಂಗ ಫಲಕ ಅವರಿಗಿಂತ ನೂರು ವರ್ಷ ಹಳೆಯದು. ನೀಲಿ ಬೆಳಕಿನ ಅರೆವಾಹಕಗಳ ಹಿಂದೆ ೨೦೧೪ರ ನೊಬೆಲ್ ಪಡೆದ ಅಕಾಸಾಕಿ, ಅಮಾನೋ ಮತ್ತು ನಕಾಮುರಾ ಅವರ ದಶಕಗಳ ಶ್ರಮವಿದೆ. ಡಿಸ್ಕ್‌ನ ರೂಪುರೇಷೆ ಹಲವು ಕಂಪನಿಗಳ ಸಾಮೂಹಿಕ ಕೆಲಸ. ಪಂಚರತ್ನಂ ಕೊಟ್ಟದ್ದು ಬೆಳಕಿನ ಧ್ರುವೀಕರಣವನ್ನು ಗೋಳದ ಮೇಲೆ ನಡೆಸುವ ಗಣಿತ, ಮತ್ತು ಆ ಗಣಿತದಿಂದ ಹುಟ್ಟಿದ ಒಂದು ಜೋಡಣೆ.

ಇತ್ತೀಚಿನ ಬಳಕೆಗಳು

ಜಾಗದಿಂದ ಜಾಗಕ್ಕೆ ಅಕ್ಷದ ದಿಕ್ಕು ಬದಲಾಗುವಂತೆ ದ್ರವ ಸ್ಫಟಿಕದ ಪದರನ್ನು ರೂಪಿಸಿದರೆ, ಚಪ್ಪಟೆ ಹಾಳೆಯೇ ಮಸೂರದಂತೆ ಬೆಳಕನ್ನು ಕೂಡಿಸುತ್ತದೆ. ಇಲ್ಲಿ ಬೆಳಕನ್ನು ಬಾಗಿಸುವುದು ಗಾಜಿನ ದಪ್ಪವಲ್ಲ, ಪಂಚರತ್ನಂ ಅವರ ಪ್ರಾವಸ್ಥೆ. ಇಂಥವುಗಳನ್ನು ಪಂಚರತ್ನಂ–ಬೆರ್ರಿ ಮಸೂರಗಳೆಂದು ಕರೆಯುತ್ತಾರೆ. ಅಣ್ಣ ಚಂದ್ರಶೇಖರ್ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ೧೯೭೭ರಲ್ಲಿ ತಟ್ಟೆಯಾಕಾರದ ಅಣುಗಳ ಹೊಸ ಬಗೆಯ ದ್ರವ ಸ್ಫಟಿಕವನ್ನು ಕಂಡುಹಿಡಿದಿದ್ದರು. ಓರೆಯಿಂದ ನೋಡಿದಾಗಲೂ ಚಿತ್ರ ಮಾಸದಂತೆ ದೂರದರ್ಶನದ ಪರದೆಗಳಿಗೆ ಅಂಟಿಸುವ ಹಾಳೆಗಳಲ್ಲಿ ಆ ಬಗೆಯ ಅಣುಗಳು ಬಳಕೆಯಾಗಿವೆ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದಲ್ಲಿ ಕ್ವಾರ್ಟ್ಸ್ ಗಾಜಿನೊಳಗೆ ಲೇಸರಿನಿಂದ ಮಾಹಿತಿ ಬರೆಯುವ ಪ್ರಯೋಗಗಳು ನಡೆದಿವೆ. ಅಲ್ಲಿ ಕುಳಿಗಳ ಬದಲು ಪ್ರತಿಯೊಂದು ಚುಕ್ಕೆಯೂ ಒಂದು ಕಿರು ದ್ವಿವಕ್ರೀಭವನ ಫಲಕ. ಅದರ ಅಕ್ಷ ಯಾವ ದಿಕ್ಕಿಗಿದೆ, ಅದು ಬೆಳಕನ್ನು ಎಷ್ಟು ಹಿಂದಿಡುತ್ತದೆ ಎಂಬೆರಡನ್ನೂ ಧ್ರುವೀಕೃತ ಬೆಳಕಿನಿಂದ ಅಳೆದು ಮಾಹಿತಿಯನ್ನು ಓದುತ್ತಾರೆ.